ಆಯುಧಪೂಜೆಯ ದಿನ ಹರಿದ ಬೆಲ್ಟು

ನಾನು ಚಿಕ್ಕವಳಿದ್ದಾಗ ಸದ್ದಿಗೆ ಹೆದರಿದವಳೇ ಅಲ್ಲ. ಗುಡುಗಿಗೆ ಹೆದರಲಿಲ್ಲ, ಪಟಾಕಿಗೆ ಹೆದರಲಿಲ್ಲ, ಅಪ್ಪನ ಗದರಿಕೆಯ ಮಾತಂತೂ ಕೇಳಲೇಬೇಡಿ. ನನಗೆ ಹೆದರಿಕೆ ಹುಟ್ಟಿದ್ದು ಸದ್ದು ನಿಂತಾಗ, ಅದೂ ಒಂದೇ ಒಂದು ಮಧ್ಯಾಹ್ನದಲ್ಲಿ. ನಿಮ್ಮ ಹೊಸ ಕಾರಿನಲ್ಲಿ ಕೂತರೆ ಅಜ್ಜಿ ಬಾಯಿಯೇ ಮುಚ್ಚುವುದಿಲ್ಲ ಎಂದು ನೀವಿಬ್ಬರು ಮೊಮ್ಮಕ್ಕಳೂ ಹಿಂದಿನ ಸೀಟಿನಲ್ಲಿ ಕಿಸಕಿಸ ನಗುತ್ತೀರಲ್ಲ, ನನಗೆ ಕೇಳಿಸುವುದಿಲ್ಲ ಅಂದುಕೊಂಡಿರಾ? ನಗಿ, ಬೇಡವೆನ್ನುವುದಿಲ್ಲ. ಆದರೆ ಯಾಕೆ ಹೀಗೆ ಎಂದು ಕೇಳಿಕೊಂಡು ಆಮೇಲೆ ನಗಿ.

ಆಗ ನಮ್ಮ ಮನೆ ತುಮಕೂರು ರಸ್ತೆಯ ಮಾಕಳಿಯಲ್ಲಿತ್ತು. ಮನೆಯ ಮುಂದೆ ರಾಗಿ ಹೊಲ, ಹಿಂದೆ ಕಬ್ಬಿಣದ ತಗಡು ಬಡಿಯುವ ಒಂದು ಶೆಡ್ಡು. ಬೆಳಗ್ಗೆಯಿಂದ ಸಂಜೆಯವರೆಗೆ ಧಡ್ ಧಡ್ ಎನ್ನುವ ಸದ್ದಿಗೆ ನಮ್ಮ ಅಡುಗೆಮನೆಯ ಲೋಟಗಳು ಸಣ್ಣಗೆ ನಡುಗುತ್ತಿದ್ದವು. ನಾನು ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ಉಂಡು, ಆ ಸದ್ದಿನಲ್ಲೇ ಮಲಗಿದವಳು. ಅಪ್ಪ ಹೊಲವನ್ನು ಚಿಕ್ಕಪ್ಪನಿಗೆ ಬಿಟ್ಟು ಡ್ರೈವಿಂಗ್ ಕಲಿತು, ಒಂದು ಹಳೆಯ ಕಪ್ಪು ಕಾರು ತಂದು ಬಾಡಿಗೆಗೆ ಓಡಿಸುತ್ತಿದ್ದರು. ಆ ಕಾರಿಗೂ ಸದ್ದು ಬಹಳ. ಅದು ರಸ್ತೆಯ ತಿರುವಿಗೆ ಬಂದಾಗಲೇ ಅಮ್ಮ ಒಲೆಯ ಮೇಲೆ ಸಾರು ಬಿಸಿಗಿಡುತ್ತಿದ್ದಳು.

ವರ್ಷಕ್ಕೆ ಒಂದು ದಿನ ಮಾತ್ರ ಎಲ್ಲ ಸದ್ದೂ ನಿಲ್ಲುತ್ತಿತ್ತು. ಅದು ಆಯುಧಪೂಜೆ. ಶೆಡ್ಡಿನ ಯಂತ್ರಗಳನ್ನು ತೊಳೆದು, ಹಾರ ಹಾಕಿ, ನಿಲ್ಲಿಸಿಬಿಡುತ್ತಿದ್ದರು. ಮನೆಯಲ್ಲಿ ಆ ದಿನದ ಯಜಮಾನಿಕೆ ನನ್ನ ಅಜ್ಜಿಯದು, ಅಂದರೆ ಅಪ್ಪನ ಅವ್ವನದು. ಅಪ್ಪ ಕಾರಿನ ಡಿಕ್ಕಿ ಖಾಲಿ ಮಾಡಿ ಸ್ಪ್ಯಾನರು, ಸ್ಕ್ರೂ ಡ್ರೈವರು, ಜಾಕು, ಕಾರಿನ ಮುಂದೆ ಸಿಕ್ಕಿಸಿ ತಿರುಗಿಸುವ ಕಬ್ಬಿಣದ ಹ್ಯಾಂಡಲು, ಕೊನೆಗೆ ಬೇಕಾದೀತೆಂದು ಇಟ್ಟುಕೊಂಡಿದ್ದ ಇನ್ನೊಂದು ಫ್ಯಾನ್ ಬೆಲ್ಟು, ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ಒರೆಸಿ ದೇವರ ಮುಂದೆ ಮಣೆಯ ಮೇಲೆ ಜೋಡಿಸುತ್ತಿದ್ದರು. ಅಜ್ಜಿ ಒಂದೊಂದಕ್ಕೂ ವಿಭೂತಿ ಬಳಿದು ಕುಂಕುಮ ಇಡುತ್ತಿದ್ದಳು. ಇಟ್ಟ ಮೇಲೆ ಮುಗಿಯಿತು, ಯಾರೂ ಮುಟ್ಟುವಂತಿರಲಿಲ್ಲ. ಮರುದಿನ ಬೆಳಗ್ಗೆ ಸ್ನಾನ ಮಾಡಿ, ಆರತಿ ಎತ್ತಿ, ಒಂದೊಂದನ್ನೂ ಕೈಯಿಂದ ಒಂಚೂರು ಸರಿಸುತ್ತಿದ್ದಳು. ಅದಕ್ಕೆ ಕದಲಿಸುವುದು ಎನ್ನುತ್ತಾರೆ. ಕದಲಿಸಿದ ಮೇಲೆಯೇ ಅದರೊಳಗಿನ ದೇವರು ಎದ್ದುಹೋಗಿ, ಸ್ಪ್ಯಾನರು ಮತ್ತೆ ಸ್ಪ್ಯಾನರಾಗುವುದು.

ಕಾರಿಗೆ ಮಾತ್ರ ಈ ಕಟ್ಟುಪಾಡಿರಲಿಲ್ಲ, ಯಾಕೆಂದರೆ ಅದು ಪೂಜೆಯ ದಿನವೇ ನಿಂಬೆಹಣ್ಣಿನ ಮೇಲೆ ಹತ್ತಿ ಇಳಿಯಬೇಕಲ್ಲ. ಆ ವರ್ಷ ಅಜ್ಜಿ ಕಾರಿನ ಕಣ್ಣಿಗೆ, ಮೂಗಿಗೆ, ಚಕ್ರಕ್ಕೆ, ಸ್ಟೀರಿಂಗಿಗೆಲ್ಲ ಬೊಟ್ಟಿಟ್ಟು, ಒಳಗೆ ಬಗ್ಗಿ ನೋಡಿದಳು. ಸ್ಟೀರಿಂಗಿನ ಹಿಂದೆ ಒಂದು ಪುಟ್ಟ ಕೆಂಪು ದೀಪವಿತ್ತು. ಬೀಗದಕೈ ತಿರುಗಿಸಿದರೆ ಹತ್ತಿಕೊಂಡು, ಇಂಜಿನ್ ಶುರುವಾದ ಮೇಲೆ ಆರುವ ದೀಪ. ಅಜ್ಜಿ ಅದರ ಮೇಲೆ ಅರಿಶಿನ ಕುಂಕುಮ ಕಲಸಿ ಗಟ್ಟಿಯಾಗಿ ಮೆತ್ತಿದಳು.

"ಅವ್ವಾ, ಅದುಕ್ ಯಾಕೆ?" ಎಂದರು ಅಪ್ಪ.

"ಸುಮ್ಕಿರು. ಗಾಡಿ ದೀಪ ಅದು. ಎಲ್ಲಾಕೂ ಇಕ್ಕಿ ದೀಪುಕ್ಕೆ ಇಕ್ದೆ ಬುಡಾಕಾಯ್ತದಾ?"

ಅಪ್ಪ ನಕ್ಕರು. ಪೂಜೆಯ ಕುಂಕುಮವನ್ನು ಯಾರು ಒರೆಸುತ್ತಾರೆ?

ಪೂಜೆಯಾದ ಮೇಲೆ ಕಡ್ಲೆಪುರಿ ಹಂಚುವುದು. ಪುರಿಯ ಜೊತೆಗೆ ಹುರಿಗಡಲೆ, ಕೊಬ್ಬರಿ ಚೂರು, ಬತ್ತಾಸು. ನನ್ನ ತಮ್ಮ ಆಗಷ್ಟೇ ಓಡಲು ಕಲಿತಿದ್ದ. ನಡೆಯಲು ಬರುತ್ತಿರಲಿಲ್ಲ, ಬರುತ್ತಿದ್ದದ್ದು ಓಟ ಮಾತ್ರ. ಬುಟ್ಟಿಗೆ ಕೈ ಹಾಕಿ ಬಾಯಿ ತುಂಬಿಕೊಂಡು, ಅಮ್ಮ ಹಿಡಿಯಲು ಬಂದಳೆಂದು ಕೇಕೆ ಹಾಕುತ್ತ ಓಡಿದ. ಹೊಸಿಲ ಹತ್ತಿರ ಮುಗ್ಗರಿಸಿದ. ಅಳಲಿಲ್ಲ. ಕೆಮ್ಮಿದ, ಕೆಮ್ಮಿದ, ಮುಖ ನೀಲಿಗಟ್ಟಿತು. ಅಮ್ಮ ಅವನನ್ನು ಬೋರಲು ಹಾಕಿಕೊಂಡು ಬೆನ್ನಿಗೆ ತಟ್ಟಿದಳು. ಪುರಿಯೆಲ್ಲ ಆಚೆ ಬಂತು, ಉಸಿರೂ ಬಂತು. ಆದರೆ ಉಸಿರಿನ ಜೊತೆ ಒಂದು ಸದ್ದು ಬಂತು. ಸೀಟಿ ಊದಿದ ಹಾಗೆ ಸಣ್ಣಗೆ, ಒಳಕ್ಕೆ ಎಳೆದಾಗೊಮ್ಮೆ, ಹೊರಗೆ ಬಿಟ್ಟಾಗೊಮ್ಮೆ.

ಊರಿನ ಡಾಕ್ಟರು ಅವನ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. "ಉಸಿರಿನ ದಾರೀಲಿ ಏನೋ ಸಿಕ್ಕೊಂಡಿದೆ. ಒಂದು ಕಡೆಗೆ ಗಾಳಿ ಸರಿಯಾಗಿ ಹೋಗ್ತಿಲ್ಲ. ತಿನ್ನೋಕೆ ಕುಡಿಯೋಕೆ ಏನೂ ಕೊಡ್ಬೇಡಿ, ಗಂಟಲಿಗೆ ಬೆರಳು ಹಾಕ್ಬೇಡಿ, ಮಲಗಿಸ್ಬೇಡಿ. ಪಟ್ಟಣದ ದೊಡ್ಡಾಸ್ಪತ್ರೆಗೆ ಈಗಲೇ ಹೊರಡಿ" ಎಂದರು. ಬಾಳೆಹಣ್ಣು ತಿನ್ನಿಸಿದರೆ ಜಾರಿಹೋಗುತ್ತದೆ ಎಂದು ಅಜ್ಜಿ ಸೆರಗಿನಲ್ಲಿ ಹಣ್ಣು ಕಟ್ಟಿಕೊಂಡು ಬಂದಿದ್ದಳು. ಅದನ್ನು ಅಲ್ಲೇ ಕಟ್ಟೆಯ ಮೇಲೆ ಇಟ್ಟುಬಿಟ್ಟಳು.

ಅಮ್ಮ ತಮ್ಮನನ್ನು ಎದೆಗೆ ನೆಟ್ಟಗೆ ಒರಗಿಸಿಕೊಂಡು ಹಿಂದೆ ಕೂತಳು. ಪಕ್ಕದಲ್ಲಿ ನಾನು. ಮುಂದೆ ಅಪ್ಪನ ಜೊತೆ ಅಜ್ಜಿ. ಕಾರಿನ ಸದ್ದಿನಲ್ಲಿ ಅಮ್ಮನಿಗೆ ಸೀಟಿ ಸರಿಯಾಗಿ ಕೇಳಿಸುತ್ತಿರಲಿಲ್ಲವೋ, ಅಥವಾ ಕೇಳುವ ಧೈರ್ಯವಿರಲಿಲ್ಲವೋ, "ನೀನು ಕಿವಿ ಇಟ್ಕೊಂಡಿರು ಕಣೆ. ನಿಂತ್ರೆ ಹೇಳು" ಎಂದಳು. ನಾನು ತಮ್ಮನ ಬಾಯಿಯ ಹತ್ತಿರ ಕಿವಿ ಇಟ್ಟೆ. ಕಡ್ಲೆಪುರಿಯ ವಾಸನೆ ಬರುತ್ತಿತ್ತು. ಅವನ ಕಣ್ಣು ನನ್ನನ್ನೇ ನೋಡುತ್ತಿತ್ತು. ಪುಟ್ಟ ಮಕ್ಕಳಿಗೆ ಹೆದರಿಕೆಯಾದರೆ ಅವರು ಅಳದೆ ಸುಮ್ಮನೆ ನೋಡುತ್ತಾರೆಂದು ನನಗೆ ಗೊತ್ತಾದದ್ದು ಅವತ್ತೇ.

ಎಂಟನೇ ಮೈಲಿ ದಾಟಿದ ಮೇಲೆ ಕಾರಿನ ಮೂತಿಯೊಳಗೆ ಪಟ್ ಎಂದಿತು. ನಿಂಬೆಹಣ್ಣೋ ಕಲ್ಲೋ ಸಿಡಿದಿರಬೇಕೆಂದು ಅಪ್ಪ ನಿಲ್ಲಿಸಲಿಲ್ಲ. ದಾಸರಹಳ್ಳಿಯ ಹತ್ತಿರ ಹಾರ ಹಾಕಿಕೊಂಡ ಲಾರಿಗಳು, ತಮಟೆ, ಮೆರವಣಿಗೆ, ದಾರಿಯೇ ಇಲ್ಲ. ಅಪ್ಪ ಸ್ಟೀರಿಂಗ್ ತಿರುಗಿಸಿ ಪೀಣ್ಯದ ಒಳರಸ್ತೆಗೆ ಇಳಿಸಿದರು. ಆ ರಸ್ತೆಗಳೆಲ್ಲ ಅಪ್ಪನಿಗೆ ಅಂಗೈ ಇದ್ದ ಹಾಗೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಸುಟ್ಟ ರಬ್ಬರಿನ ವಾಸನೆ ಬಂತು, ಕಾಲಿನ ಕೆಳಗಿನ ತಗಡು ಬಿಸಿಯಾಯಿತು, ಇಂಜಿನ್ ಕಟಕಟ ಎಂದು ಹಲ್ಲು ಕಡಿದು, ನಿಂತುಹೋಯಿತು.

ಆಗ ನನಗೆ ಪೀಣ್ಯ ಕೇಳಿಸಿತು. ಅಂದರೆ ಏನೂ ಕೇಳಿಸಲಿಲ್ಲ. ಸಾವಿರಾರು ಯಂತ್ರಗಳು ಹಗಲೂ ರಾತ್ರಿ ಅರಚುವ ಊರು, ನೆಲವೂ ನಡುಗುವ ಊರು, ಅವತ್ತು ಒಂದು ಹಕ್ಕಿಯ ಸದ್ದೂ ಇಲ್ಲದೆ ಬಿದ್ದುಕೊಂಡಿತ್ತು. ಎರಡೂ ಕಡೆ ಎತ್ತರದ ಗೋಡೆ, ಬೀಗ ಹಾಕಿದ ಗೇಟು, ಗೇಟಿಗೆ ಬಾಳೆಕಂದು. ರಸ್ತೆಯಲ್ಲಿ ಕುಂಕುಮ ತುಂಬಿ ಒಡೆದ ಬೂದುಕುಂಬಳಕಾಯಿಯ ಕೆಂಪು ಹೋಳುಗಳು. ಮನುಷ್ಯರೆಂಬುವರು ಯಾರೂ ಇಲ್ಲ. ಅಷ್ಟು ದೊಡ್ಡ ಮೌನದಲ್ಲಿ ತಮ್ಮನ ಸೀಟಿಯೊಂದೇ. ನನಗೆ ಕಾರಿನಿಂದ ಇಳಿದು ಎಲ್ಲಿಗಾದರೂ ಓಡಿಹೋಗಬೇಕು ಅನ್ನಿಸಿತು.

ಅಪ್ಪ ಬೀಗದಕೈ ತಿರುಗಿಸಿದರು. ಕರ್ ಕರ್ ಎಂದಿತು, ಹತ್ತಲಿಲ್ಲ. ಪೆಟ್ರೋಲ್ ಬರುತ್ತಿಲ್ಲವೇನೋ ಎಂದು ಕಾಲಿನಿಂದ ಒತ್ತಿ ಒತ್ತಿ ಮತ್ತೆ ತಿರುಗಿಸಿದರು. ಕರ್ ಎನ್ನುವುದು ನಿಧಾನವಾಯಿತು, ಆಮೇಲೆ ಬರೀ ಟಕ್ ಎಂದಿತು. ಬ್ಯಾಟರಿಯೂ ಹೋಯಿತು. ಇಳಿದು ಬಾನೆಟ್ ಎತ್ತಿದರು. ಭುಸ್ಸೆಂದು ಹಬೆ ಎದ್ದು ಅಪ್ಪನ ಮುಖವೇ ಕಾಣದಾಯಿತು.

"ಬೆಲ್ಟ್ ಓಗ್ಬುಟ್ಟೈತೆ" ಎಂಬ ಅವರ ದನಿ ಮಾತ್ರ ಹಬೆಯೊಳಗಿಂದ ಬಂತು.

ಆ ಕಾಲದ ಕಾರಿನ ಬೆಲ್ಟು ಎಂದರೆ ನೀವು ಸೊಂಟಕ್ಕೆ ಕಟ್ಟುವುದಲ್ಲ. ರಬ್ಬರಿನ ಒಂದು ಕಪ್ಪು ಬಳೆ. ಇಂಜಿನ್ ತಿರುಗಿದರೆ ಅದೂ ತಿರುಗಬೇಕು. ಇಂಜಿನ್ನಿಗೆ ಗಾಳಿ ಬೀಸುವ ಫ್ಯಾನು, ಅದನ್ನು ತಣ್ಣಗಿಡುವ ನೀರು ಓಡಿಸುವ ಪಂಪು, ಬ್ಯಾಟರಿ ತುಂಬುವ ಡೈನಮೊ, ಮೂರನ್ನೂ ಅದೊಂದೇ ತಿರುಗಿಸಬೇಕು. ಅದು ಹರಿದರೆ ನೀರು ಕುದಿಯುತ್ತದೆ, ಬ್ಯಾಟರಿ ಬರಿದಾಗುತ್ತದೆ. ಹರಿದ ತಕ್ಷಣ ತಿಳಿಯಲೆಂದೇ ಸ್ಟೀರಿಂಗಿನ ಹಿಂದೆ ಒಂದು ಕೆಂಪು ದೀಪವಿರುತ್ತದೆ.

ಅಪ್ಪ ಕಿಟಕಿಯೊಳಗೆ ಬಗ್ಗಿ ಆ ದೀಪ ನೋಡಿದರು. ಒಣಗಿದ ಕುಂಕುಮದ ಬಿರುಕಿನಲ್ಲಿ ಕೂದಲೆಳೆಯಷ್ಟು ಕೆಂಪು ಬೆಳಕು ಕಾಣುತ್ತಿತ್ತು. ಎಂಟನೇ ಮೈಲಿಯಿಂದಲೂ ಅದು ಹತ್ತಿಕೊಂಡೇ ಇತ್ತು. ಅಪ್ಪ ನೋಡಿದ್ದನ್ನು ಅಜ್ಜಿ ನೋಡಿದಳು. ಅವಳ ಕೈ ತಾನಾಗಿಯೇ ಬಾಯಿಗೆ ಹೋಯಿತು.

ಡಿಕ್ಕಿ ತೆಗೆದರೆ ಅಲ್ಲಿ ಏನಿದೆ? ಒಂದು ಹಳೆಯ ಗೋಣಿಚೀಲ. ಸ್ಪ್ಯಾನರು, ಹ್ಯಾಂಡಲು, ಇನ್ನೊಂದು ಬೆಲ್ಟು, ಎಲ್ಲವೂ ಮಾಕಳಿಯಲ್ಲಿ ದೇವರ ಮುಂದೆ ಮಣೆಯ ಮೇಲೆ ಕೂತಿದ್ದವು.

ಅಪ್ಪ ಗೇಟಿನಿಂದ ಗೇಟಿಗೆ ಓಡಿ ಬಡಿದರು. ಬಡಿದ ಸದ್ದು ರಸ್ತೆಯ ತುದಿಗೆ ಹೋಗಿ ವಾಪಸು ಬರುತ್ತಿತ್ತು. ಕೊನೆಗೆ ತಿರುವಿನಾಚೆ ಒಂದು ಸಣ್ಣ ಶೆಡ್ಡಿನ ಬಾಗಿಲು ತೆರೆದಿತ್ತು. ಒಳಗೆ ಮೂರು ನಾಲ್ಕು ಜನ ಎಲೆಯ ಮುಂದೆ ಊಟಕ್ಕೆ ಕೂತಿದ್ದರು. ಎಲ್ಲರೂ ಎಂಜಲು ಕೈಯಲ್ಲೇ ಎದ್ದು ಬಂದು, ಕಾರನ್ನು ಶೆಡ್ಡಿನ ಬಾಗಿಲವರೆಗೆ ದಬ್ಬಿ ತಂದರು. ಶೆಡ್ಡಿನ ಯಜಮಾನರು ಕಾರಿನೊಳಗೆ ಬಗ್ಗಿ ತಮ್ಮನನ್ನು ನೋಡಿ, ಕೆಲಸದ ಹುಡುಗರಲ್ಲಿ ಒಬ್ಬನನ್ನು ಆಗಲೇ ಸೈಕಲ್ ಮೇಲೆ ಆಟೋ ತರಲು ಓಡಿಸಿದರು. ನೀರು ತರಿಸಿದರು. ಅಮ್ಮನಿಗೆ ಗಾಳಿ ಬೀಸಲು ರಟ್ಟು ಕೊಟ್ಟರು. ಆದರೆ ಅಪ್ಪ ಸ್ಪ್ಯಾನರು ಕೇಳಿದಾಗ ಅವರ ಮುಖ ಸಣ್ಣದಾಯಿತು.

"ಅಣ್ಣ, ಎಲ್ಲಾ ಪೂಜೆಗೆ ಇಟ್ಬಿಟ್ಟಿದೀವಿ. ನಾಳೆ ಕದಲಿಸೋವರೆಗೂ ಮುಟ್ಟಂಗಿಲ್ಲ."

"ಮಗಾ ಇಂಗೈತೆ ಸಾರ್" ಎಂದರು ಅಪ್ಪ. ಯಾರನ್ನೂ ಅಂಗಲಾಚಿದವರಲ್ಲ ನನ್ನ ಅಪ್ಪ. ಅವತ್ತು ಅವರು ಕೈ ಮುಗಿದದ್ದನ್ನು ನಾನು ಕಿಟಕಿಯಿಂದ ನೋಡಿದೆ.

"ನಂಗೂ ಮಕ್ಕಳಿದಾರೆ ಅಣ್ಣ. ಆದ್ರೆ ಹೋದ್ಸಲ ನಮ್ ಹುಡುಗ ಒಬ್ಬ ಕದಲಿಸೋಕ್ ಮುಂಚೆ ಸುತ್ತಿಗೆ ಎತ್ಬಿಟ್ಟ. ಮಾರನೇ ವಾರ ತಗಡು ಒತ್ತೋ ಪ್ರೆಸ್ಸಿಗೆ ಬೆರಳು ಕೊಟ್ಟ. ಇಷ್ಟು ಜನ ನನ್ನ ನಂಬ್ಕೊಂಡು ಮಷೀನಿಗೆ ಕೈ ಹಾಕ್ತಾರೆ. ನಾನು ಹೆಂಗೆ ಎತ್ಲಿ?" ಅವರು ಕೆಟ್ಟವರಾಗಿರಲಿಲ್ಲ ಮಕ್ಕಳೇ. ಹೆದರಿದ್ದರು. ನಾವು ಒಂದಕ್ಕೆ ಹೆದರಿದ್ದೆವು, ಅವರು ಇನ್ನೊಂದಕ್ಕೆ.

ಅಷ್ಟರಲ್ಲಿ ಸೈಕಲ್ ವಾಪಸು ಬಂತು. ಆಟೋಗಳೆಲ್ಲ ಪೂಜೆಗೆ ಸಾಲಾಗಿ ನಿಂತಿವೆ, ಓಡಿಸುವವರು ಒಬ್ಬರೂ ಇಲ್ಲ, ರಸ್ತೆ ತುಂಬ ಮೆರವಣಿಗೆ ಎಂದ ಆ ಹುಡುಗ. ಅವನ ಮಾತು ಮುಗಿಯುವ ಹೊತ್ತಿಗೆ ನನ್ನ ಕಿವಿಯಲ್ಲಿ ಸೀಟಿ ನಿಂತಿತು.

ನಾನು ಇನ್ನೂ ಹತ್ತಿರ ಕಿವಿ ಒತ್ತಿದೆ. ಇಲ್ಲ. ತಮ್ಮನ ಬಾಯಿ ತೆರೆದಿತ್ತು, ಎದೆ ಒಳಕ್ಕೆ ಸೇದಿಕೊಂಡಿತ್ತು, ಸದ್ದಿಲ್ಲ. "ಅಮ್ಮಾ, ನಿಂತೋಯ್ತು!" ಎಂದು ಕಿರುಚಿದೆ. ಅಮ್ಮ ಅವನನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಬಡಿದಳು. ಬಡಿದಳು, ಹೆಸರು ಕರೆದಳು, ಮತ್ತೆ ಬಡಿದಳು. ಎಷ್ಟು ಹೊತ್ತೋ ನನಗೆ ಗೊತ್ತಿಲ್ಲ. ನನ್ನ ಆಯುಷ್ಯದಲ್ಲಿ ಅಷ್ಟು ಉದ್ದದ ಹೊತ್ತು ಇನ್ನೊಂದು ಬಂದಿಲ್ಲ. ಆಮೇಲೆ ಒಂದು ಕೆಮ್ಮು ಬಂತು. ಕೆಮ್ಮಿನ ಹಿಂದೆ ಸೀಟಿ, ಮೊದಲಿಗಿಂತ ಸಣ್ಣಗೆ.

ಮುಂದಿನ ಬಾಗಿಲು ತೆಗೆದು ಅಜ್ಜಿ ಇಳಿದಳು. ಯಾರ ಮುಖವನ್ನೂ ನೋಡದೆ, ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಶೆಡ್ಡಿನೊಳಗೆ ಹೋದಳು. ಏನು ಮಾಡುತ್ತಾಳೋ ಎಂದು ಯಜಮಾನರು ಹಿಂದೆಯೇ ಹೋದರು. ಕಾರಿನ ಕಿಟಕಿಗೆ ಶೆಡ್ಡಿನ ಒಳಗು ನೇರವಾಗಿ ಕಾಣುತ್ತಿತ್ತು. ದೇವರ ಪಟದ ಮುಂದೆ ಸ್ಪ್ಯಾನರುಗಳು ಸಾಲಾಗಿ ಮಲಗಿದ್ದವು, ಎಲ್ಲಕ್ಕೂ ಕುಂಕುಮ.

"ಕರ್ಪೂರ ಕೊಡಿ. ಈಗ್ಲೇ ಕದಲುಸ್ತೀನಿ" ಎಂದಳು ಅಜ್ಜಿ.

"ಅಜ್ಜಿ, ಅದು ಬೆಳಗ್ಗೆ ಮಾಡೋದಲ್ವಾ?"

"ಆ ಮಗೀಗೆ ಬೆಳಗ್ಗೆ ಅನ್ನೋದು ಐತೋ ಇಲ್ವೋ ಯಾರ್ ಕಂಡೋರು? ನಿಂಗೆ, ನಿನ್ನ ಉಡುಗ್ರಿಗೆ ಏನೂ ಆಗಾಕಿಲ್ಲ. ಎತ್ತೋಳು ನಾನು. ದೋಸ ಬಂದ್ರೆ ನನ್ನ್ ತಲೆಗ್ ಬರ್ಲಿ. ಆ ದೀಪುಕ್ಕೆ ಕುಂಕುಮ ಇಕ್ದೋಳೂ ನಾನೇ."

ಕುಂಕುಮಕ್ಕೆ ಸೆರಗು ತಾಗಿದರೂ ನಮ್ಮನ್ನು ಗದರುತ್ತಿದ್ದ ಅಜ್ಜಿ ಅವಳು. ಕರ್ಪೂರ ಹಚ್ಚಿ ಬೆಳಗಿದಳು. ಬಗ್ಗಿ ಒಂದು ಸ್ಪ್ಯಾನರನ್ನು ಒಂಚೂರು ಸರಿಸಿದಳು. ಕಣ್ಣು ಮುಚ್ಚಿ ನಿಂತಳು. ಏನೋ ಬಂದು ತನ್ನ ಮೇಲೆ ಬೀಳುತ್ತದೆಂದೇ ಕಾದಳೆಂದು ಕಾಣುತ್ತದೆ. ಏನೂ ಬೀಳದಿದ್ದಾಗ ಅದನ್ನು ಸೆರಗಿನಲ್ಲಿ ಹಿಡಿದೆತ್ತಿ ತಂದು ಅಪ್ಪನ ಕೈಗಿಟ್ಟಳು.

ಅದನ್ನು ನೋಡಿದ ಯಜಮಾನರಿಗೆ ಏನನ್ನಿಸಿತೋ, ಮೂಲೆಯಲ್ಲಿದ್ದ ರಂಧ್ರ ಕೊರೆಯುವ ಯಂತ್ರದ ಹಾರ ತಾವೇ ತೆಗೆದು, "ಅಜ್ಜಿ, ಇದನ್ನೂ ಕದಲಿಸಿಬಿಡಿ, ಇದರ ಬೆಲ್ಟು ಕೂರಬಹುದು" ಎಂದರು.

ಆ ಬೆಲ್ಟು ಕಾರಿಗೆ ಕೊಂಚ ದೊಡ್ಡದಾಯಿತು. ಅಪ್ಪ ಡೈನಮೊದ ಬೋಲ್ಟು ಸಡಿಲಿಸಿದರು, ಯಜಮಾನರು ಒಂದು ಕಬ್ಬಿಣದ ರಾಡು ಮೀಟಿ ಡೈನಮೊವನ್ನು ಆದಷ್ಟು ಆಚೆಗೆ ಎಳೆದು ಹಿಡಿದರು, ಬೆಲ್ಟು ಬಿಗಿಯಾಯಿತು. ಅದಕ್ಕೆ ಎರಡು ಚೆಂಡುಹೂವಿನ ಎಸಳು ಇನ್ನೂ ಅಂಟಿಕೊಂಡಿದ್ದವು. ಇಂಜಿನ್ ತಣ್ಣಗಾಗುವ ಮೊದಲು ನೀರು ಸುರಿದರೆ ಸೀಳಿಬಿಡುತ್ತದೆ. ಅದಕ್ಕೇ ಅಪ್ಪ ಲೋಟದಿಂದ ತೊಟ್ಟು ತೊಟ್ಟೇ ಹಾಕುತ್ತಿದ್ದರು. ಅವಸರವಿದ್ದಾಗ ನಿಧಾನ ಮಾಡುವುದು ಎಷ್ಟು ಕಷ್ಟವೆಂದು ಅವರ ಕುತ್ತಿಗೆಯ ನರ ಹೇಳುತ್ತಿತ್ತು. ನಾನು ಮಾತ್ರ ಸೀಟಿಯ ಹತ್ತಿರದಿಂದ ಕಿವಿ ತೆಗೆಯಲಿಲ್ಲ.

ಬ್ಯಾಟರಿ ಸತ್ತಿದ್ದರಿಂದ ಕಾರನ್ನು ಇಳಿಜಾರಿನ ಕಡೆಗೆ ದಬ್ಬಬೇಕಾಯಿತು. ಎಲ್ಲರೂ ಸೇರಿ ದಬ್ಬಿದರು. ಯಜಮಾನರ ಬಿಳಿ ಪಂಚೆಗೆಲ್ಲ ಮಸಿ. ಅಪ್ಪ ಕ್ಲಚ್ ಬಿಟ್ಟರು. ಕಾರು ಒಮ್ಮೆ ಜಗ್ಗಿ ಸುಮ್ಮನಾಯಿತು. ಮತ್ತೆ ದಬ್ಬಿದರು. ಮತ್ತೆ ಸುಮ್ಮನಾಯಿತು. ಇಳಿಜಾರು ಮುಗಿಯುತ್ತ ಬಂದಿತ್ತು. ಇನ್ನೊಮ್ಮೆ ಜಗ್ಗಿ, ಕೆಮ್ಮಿ, ಹೊಗೆ ಕಾರಿ, ಕೊನೆಗೆ ಇಂಜಿನ್ ಗುರ್ ಎಂದು ಹತ್ತಿಕೊಂಡಿತು. ಆ ಕರ್ಕಶ ಸದ್ದಿಗೆ ನಾನು ಅತ್ತುಬಿಟ್ಟೆ.

ಓಡಿ ಬಂದು ಹತ್ತಿದ ಅಜ್ಜಿ ಮಾಡಿದ ಮೊದಲ ಕೆಲಸವೆಂದರೆ ಸೆರಗಿನ ತುದಿಯಿಂದ ಆ ದೀಪದ ಕುಂಕುಮವನ್ನು ತಿಕ್ಕಿ ಒರೆಸಿದ್ದು. ದೀಪ ಕೆಂಪಗೆ ಉರಿಯುತ್ತಿತ್ತು. ಅಪ್ಪ ಇಂಜಿನ್ನಿಗೆ ಜೋರು ಕೊಟ್ಟಂತೆ ಮಂಕಾಗಿ, ಆರಿತು. ಬೆಲ್ಟು ಹಿಡಿದಿದೆ ಎಂದರ್ಥ. ನಮ್ಮ ಮನೆಯಲ್ಲಿ ದೀಪ ಆರಿತು ಎನ್ನುವ ಮಾತನ್ನು ಯಾರೂ ಆಡುವಂತಿರಲಿಲ್ಲ, ಅದು ಅಪಶಕುನ. ದೀಪ ದೊಡ್ಡದಾಯಿತು ಎನ್ನಬೇಕು. ಅಜ್ಜಿ ಎರಡೂ ಕೈ ಮುಗಿದು, "ದೀಪ ದೊಡ್ಡದಾಯ್ತು ಕಣಪ್ಪಾ, ಓಡ್ಸು" ಎಂದಳು. ಒಂದು ದೀಪ ಆರಿದ್ದಕ್ಕೆ ಅವಳು ಸಂತೋಷಪಟ್ಟದ್ದು ಅದೊಂದೇ ಸಲ.

ಆಸ್ಪತ್ರೆಯಲ್ಲಿ ತಮ್ಮನನ್ನು ಒಳಗೆ ತೆಗೆದುಕೊಂಡು ಹೋಗಿ ಬಾಗಿಲು ಮುಚ್ಚಿದರು. ನನಗೆ ಸೀಟಿ ಕೇಳಿಸುವುದು ನಿಂತಿತು. ಆ ಉದ್ದನೆಯ ಓಣಿಯಲ್ಲಿ ಫಿನಾಯಿಲ್ ವಾಸನೆ, ಅಮ್ಮನ ಬಳೆಯ ಸದ್ದೂ ಇಲ್ಲ, ಯಾಕೆಂದರೆ ಅವಳು ಅಲುಗಾಡುತ್ತಲೇ ಇರಲಿಲ್ಲ. ನಾನು ಬಾಗಿಲಿಗೆ ಕಿವಿ ಒತ್ತಿ ನಿಂತೆ. ಒಬ್ಬ ನರ್ಸಮ್ಮ ಎಳೆದು ಕೂರಿಸಿದರು, ಮತ್ತೆ ಎದ್ದು ಹೋಗಿ ಒತ್ತಿದೆ. ಹೊರಗೆ ಕತ್ತಲಾಗುತ್ತಿದ್ದಾಗ ಒಳಗಿನಿಂದ ಒಂದು ಅಳು ಬಂತು. ಅಯ್ಯೋ, ಎಂಥ ಅಳು! ಗಂಟಲು ಕಿತ್ತುಬರುವ ಹಾಗೆ, ಎಲ್ಲರ ಮೇಲೂ ಸಿಟ್ಟು ಮಾಡಿಕೊಂಡ ಅಳು. ಡಾಕ್ಟರು ಹತ್ತಿಬಟ್ಟೆಯ ಮೇಲೆ ಇಟ್ಟು ತೋರಿಸಿದ್ದು ಅರ್ಧ ಹುರಿಗಡಲೆ.

ಅಜ್ಜಿ ಆಮೇಲೆ ಬಹಳ ವರ್ಷ ಬದುಕಿದಳು. ಕಾಲು ಎಡವಿದರೆ, ಹಾಲು ಉಕ್ಕಿದರೆ, ಬೆನ್ನು ಹಿಡಿದುಕೊಂಡರೆ, "ಅವತ್ತಿನ ದೋಸ ಈಗ ಬಂತು ನೋಡು" ಎಂದು ನಗುತ್ತಿದ್ದಳು. ಆಯುಧಪೂಜೆಯಲ್ಲಿ ಕಾರಿಗೆಲ್ಲ ಬೊಟ್ಟಿಡುವುದನ್ನು ಬಿಡಲಿಲ್ಲ. ಕೆಂಪು ದೀಪಕ್ಕೆ ಮಾತ್ರ ದೂರದಿಂದಲೇ ಕೈ ಮುಗಿಯುತ್ತಿದ್ದಳು.

ನಿಮ್ಮ ಕರೆಂಟಿನ ಕಾರಿಗೆ ಹರಿಯಲು ಆ ಬೆಲ್ಟೇ ಇಲ್ಲವಂತೆ. ಎಲ್ಲಿ ಏನು ಕೆಟ್ಟರೂ ಪರದೆಯ ಮೇಲೆ ಬರೆದು ತೋರಿಸುತ್ತದಂತೆ, ಫೋನ್ ಒತ್ತಿದರೆ ಇನ್ನೊಂದು ಗಾಡಿ ಬರುತ್ತದಂತೆ. ಪೀಣ್ಯದ ಮೇಲೆ ಮೆಟ್ರೋ ಓಡುತ್ತದೆ, ಮಾಕಳಿಯ ರಾಗಿ ಹೊಲದ ಜಾಗದಲ್ಲಿ ಗೋದಾಮು ನಿಂತಿದೆ. ಒಳ್ಳೆಯದೇ ಆಯಿತು, ನಮ್ಮ ಭಯ ನಿಮಗೆ ಬೇಡ. ಆದರೆ ನಿಮ್ಮ ಕಾರು ಗುಂಡಿ ಒತ್ತಿದ ತಕ್ಷಣ ಒಂದಿಷ್ಟೂ ಸದ್ದು ಮಾಡದೆ ಹೊರಡುತ್ತದಲ್ಲ, ಆಗ ನನ್ನ ಕಿವಿ ಇವತ್ತಿಗೂ ಏನನ್ನೋ ಹುಡುಕುತ್ತದೆ. ಸಿಗದಿದ್ದರೆ ನಾನೇ ಮಾತಾಡುತ್ತೇನೆ.

ಇನ್ನೊಂದು ಮಾತು. ಭಾನುವಾರ ಊಟಕ್ಕೆ ಬಂದು, ಉಂಡು, ನಮ್ಮ ಸೋಫಾದ ಮೇಲೆ ಅಂಗಾತ ಮಲಗಿ ಗೊರಕೆ ಹೊಡೆಯುವ ನಿಮ್ಮ ಗುಂಡು ತಾತನಿದ್ದಾನಲ್ಲ, ಗೊರಕೆಯ ಕೊನೆಗೆ ಸಣ್ಣಗೆ ಸೀಟಿ ಊದುತ್ತಾನೆಂದು ನೀವು ಅಣಕಿಸುತ್ತೀರಲ್ಲ, ಅವನೇ ಆ ತಮ್ಮ. "ತಾತನನ್ನು ಎಬ್ಬಿಸು ಅಜ್ಜಿ, ನಮಗೆ ಟಿವಿ ಕೇಳಿಸುತ್ತಿಲ್ಲ" ಎಂದು ಎಷ್ಟು ಸಲ ಗೋಗರೆದಿದ್ದೀರಿ. ನಾನು ಎಬ್ಬಿಸುವುದಿಲ್ಲ. ಮುಂದಿನ ಭಾನುವಾರ ಅವನು ಮಲಗಿದಾಗ ಟಿವಿಯ ಸದ್ದು ನೀವೇ ಸ್ವಲ್ಪ ಕಡಿಮೆ ಮಾಡಿ. ನನಗೆ ಕೇಳಿಸಬೇಕು.